ನಂಬರ್ ಕೊಟ್ರೆ ಕಾರಣನೂ ಕೊಡ್ಬೇಕು

(1/9) ರೂಲ್ಸ್

ಈ ಸಲದ ಸೀರೀಸ್ ಸ್ವಲ್ಪ ಉದ್ದ ಇದೆ, ಒಂಬತ್ತು ಪೋಸ್ಟ್. ಟೀ ಹಿಡ್ಕೊಂಡು ಕೂತ್ಕೊಳ್ಳಿ.

ಫೋಟೊದಲ್ಲಿ ಕಾಣ್ತಿರೋದು ನಮ್ಮ ಲಿಸ್ಟ್ ಬುಕ್. 200 ಪುಟದ ಲಾಂಗ್ ನೋಟ್‌ಬುಕ್. ಮುಂದಿನಿಂದ ನೋಡಿದ್ರೆ ಏಳನೇ ಕ್ಲಾಸಿನ ಸಮಾಜ ವಿಜ್ಞಾನದ ನೋಟ್ಸ್. ಹಿಂದಿನಿಂದ ತಿರುವಿದ್ರೆ ನಮ್ಮ ನಿಜವಾದ ಓದು: ಊರಲ್ಲಿರೋ ಎಲ್ಲದಕ್ಕೂ ಟಾಪ್ 5. ಐಸ್‌ಕ್ಯಾಂಡಿ, ಬಸ್ ಸೀಟು, ಹೀರೊ, ಟೀಚರ್‌ಗಳ ಸೀರೆ, ಸ್ಕೂಲಿಗೆ ರಜೆ ಹಾಕೋಕೆ ಹೇಳೋ ಸುಳ್ಳು, ಎಲ್ಲಾ.

ಇದನ್ನ ಬರೆದಿದ್ದು ನಾನು ಮತ್ತು ನನ್ನ ಬೆಂಚ್‌ಮೇಟ್. ಅವಳ ಹೆಸರು ಇಲ್ಲಿ ಹಾಕಲ್ಲ. ತೀರ್ಪು ಕೊಡೋ ಸ್ಟೈಲ್ ನೋಡಿ ಇಡೀ ಕ್ಲಾಸು ಅವಳನ್ನ ಜಡ್ಜಮ್ಮ ಅಂತಿತ್ತು, ಅದೇ ಇರ್ಲಿ. ಅವಳ ಪರ್ಮಿಷನ್ ತಗೊಂಡೇ ಬರೀತಿದೀನಿ. ಎರಡು ಕಡೆ ಕಟ್ ಹೇಳಿದ್ಲು, ಮಾಡಿದೀನಿ.

ರೂಲ್ಸ್ ಮೊದಲನೇ ಪುಟದಲ್ಲೇ ಇವೆ:

• ಯಾವ ಲಿಸ್ಟಾದ್ರೂ ಐದೇ ಸ್ಥಾನ.
• ಇಬ್ಬರೂ ಒಪ್ಪಿದ್ರೆ ಪೆನ್ನು, ಜಗಳ ಇದ್ರೆ ಪೆನ್ಸಿಲ್.
• ವರ್ಷಕ್ಕೊಂದ್ಸಲ ಎಲ್ಲಾ ಲಿಸ್ಟೂ ರೀ-ಚೆಕ್. ಯಾರೂ ಪರ್ಮನೆಂಟ್ ಅಲ್ಲ.
• ಕಾರಣ ಹೇಳದೆ ನಂಬರ್ ಕೊಡಂಗಿಲ್ಲ.

ಕೊನೇದನ್ನ ಕೆಂಪು ಪೆನ್ನಲ್ಲಿ ಎರಡು ಸಲ ತಿದ್ದಿದೀವಿ. ಯಾಕಂದ್ರೆ ಒಂದ್ಸಲ ಅವಳು ನನ್ನ ಟಿಫನ್ ಬಾಕ್ಸಿಗೆ ಕ್ಲಾಸಲ್ಲಿ ಐದನೇ ಸ್ಥಾನ ಕೊಟ್ಟು, ಯಾಕೆ ಅಂದ್ರೆ "ಸುಮ್ನೆ" ಅಂದಿದ್ಲು. ಎರಡು ದಿನ ಮಾತು ಬಿಟ್ಟಿದ್ದೆ.

ಆಮೇಲೆ ಒಂದ್ಸಲ ಹದಿನಾರು ತಿಂಗಳು ಮಾತು ಬಿಟ್ಟಿದ್ದೂ ಇದೆ. ಅದು 5ನೇ ಪೋಸ್ಟಲ್ಲಿ. ಈಗ್ಲೇ ಹಾರಿ ಅಲ್ಲಿಗೆ ಹೋಗ್ಬೇಡಿ, ಪ್ಲೀಸ್.

(2/9) ಅರಸೀಕೆರೆಯ ಟಾಪ್ 5 ಸದ್ದುಗಳು

5. ಬಸ್ ಸ್ಟ್ಯಾಂಡಲ್ಲಿ "ಹಾಸ್ನ ಹಾಸ್ನ ಹಾಸ್ನ". ಕಾರಣ: ಮೂರು ಸಲ ಕೂಗೋ ಹೊತ್ತಿಗೆ ಅದು ಊರಿನ ಹೆಸರಾಗಿ ಉಳಿಯಲ್ಲ, ಹಾಡಾಗಿಬಿಡುತ್ತೆ.

4. ಕುಕ್ಕರ್‌ನ ಮೂರನೇ ವಿಷಲ್. ಕಾರಣ: ಮೊದಲನೇದು ಆಸೆ, ಎರಡನೇದು ಸಂಕಟ, ಮೂರನೇದಕ್ಕೆ ತಟ್ಟೆ ಬರುತ್ತೆ.

3. ರಾತ್ರಿ ತೋಟದಲ್ಲಿ ಒಣಗಿದ ತೆಂಗಿನ ಗರಿ ಬೀಳೋ ಸದ್ದು. ಕಾರಣ: ಏನು ಅಂತ ಗೊತ್ತಿದ್ರೂ ಪ್ರತಿ ಸಲ ಬೆಚ್ಚಿಬೀಳ್ತೀವಿ.

2. ಅಟ್ಟದ ಕೊಬ್ಬರಿ. ನಮ್ ಕಡೆಯವರಿಗೆ ಗೊತ್ತು. ಕಾಯಿನ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡ್ತಾರೆ, ಹೆಚ್ಚುಕಮ್ಮಿ ಒಂದು ವರ್ಷ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಕೊಂಡ್ ಮೇಲೆ ಕೈಲಿ ಹಿಡಿದು ಅಲ್ಲಾಡಿಸಿದ್ರೆ ಲೊಟ ಲೊಟ ಅನ್ನುತ್ತೆ. ಆಗ ಉಂಡೆ ಕೊಬ್ಬರಿ ರೆಡಿ. ಅಪ್ಪ ಮಂಡಿಯಲ್ಲಿ ಲೆಕ್ಕ ಬರೆಯೋರು. ಕಾಯಿ ಕೈಗೆ ಬಂದ್ರೆ ಕಿವಿ ಹತ್ರ ತಗೊಂಡು ಹೋಗ್ದೆ ಬಿಡಲ್ಲ. ಕಾರಣ: ಆ ಸದ್ದು ಕೇಳಿದಾಗ ಅಪ್ಪನ ಮುಖ.

1. ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್. "ಪ್ರಯಾಣಿಕರ ಗಮನಕ್ಕೆ" ಅನ್ನೋದು ಶುರುವಾದ್ರೆ ನಮ್ಮನೆ ನಾಯಿನೂ ಕಿವಿ ನಿಮಿರಿಸುತ್ತೆ. ಬೆಂಗಳೂರು–ಹುಬ್ಬಳ್ಳಿ ಲೈನು ಇಲ್ಲಿಂದ್ಲೇ ಹೋಗುತ್ತೆ, ಹಾಸನದ ಕಡೆ ಲೈನು ಇಲ್ಲೇ ಕವಲೊಡೆಯುತ್ತೆ. ಜಂಕ್ಷನ್ ಊರಲ್ಲಿ ಹುಟ್ಟಿದವರಿಗೆ ಒಂದು ಬೇಜಾರು ಯಾವಾಗ್ಲೂ ಇರುತ್ತೆ: ಊರಿನ ಹೆಸರು ಎಲ್ಲರಿಗೂ ಗೊತ್ತು, ಊರು ನೋಡೋಕೆ ಅಂತ ಯಾರೂ ಇಳಿಯಲ್ಲ. ಇಳಿದ್ರೂ ಇನ್ನೊಂದು ಗಾಡಿ ಹತ್ತೋಕೆ.

ಹೊರಗಿನವರು "ಓ, ಮಾಲ್ಗುಡಿ ಮ್ಯೂಸಿಯಂ ಇರೋ ಊರಲ್ವಾ?" ಅಂತಾರೆ. ಅಲ್ಲ ಸ್ವಾಮಿ, ಅದು ಶಿವಮೊಗ್ಗ ಜಿಲ್ಲೆಯ ಅರಸಾಳು. ನಮ್ದು ಅರಸೀಕೆರೆ. ಅರಸಿಯ ಕೆರೆ. ರಾಣಿ ಹೆಸರಿನ ಊರು, ಸ್ವಲ್ಪ ಮರ್ಯಾದೆ ಕೊಡಿ.

(3/9) ಟಾಪ್ 5 ತಿಂಡಿ (ಈ ಪುಟ ಇನ್ನೂ ಪೆನ್ಸಿಲ್‌ನಲ್ಲೇ ಇದೆ)

5. ಉಪ್ಪಿಟ್ಟು. ಕಾರಣ: ಇಡೀ ಕರ್ನಾಟಕ ಬೈಯುತ್ತೆ, ಆದ್ರೂ ಸೋಮವಾರ ಬೆಳಿಗ್ಗೆ ನಗ್ತಾ ತಟ್ಟೆಗೆ ಬಂದು ಕೂರುತ್ತೆ. ಅಷ್ಟು ಸ್ವಾಭಿಮಾನ ಇರೋರಿಗೆ ಒಂದು ಸ್ಥಾನ ಕೊಡ್ಲೇಬೇಕು.

4. ತಟ್ಟೆ ಇಡ್ಲಿ. ಕಾರಣ: ಎರಡು ಇಡ್ಲಿ ತಿಂದೆ ಅಂತ ಹೇಳ್ಬಹುದು, ಹೊಟ್ಟೆಗೆ ಮಾತ್ರ ಆರು ಹೋಗಿರುತ್ತೆ.

3. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಕಾರಣ: ಅಮ್ಮ ಬಾಣಲೆಗೇ ತಟ್ಟಿ ಮಧ್ಯೆ ಬೆರಳಲ್ಲಿ ತೂತು ಮಾಡ್ತಾರಲ್ಲ, ಆ ತೂತಿನ ಸುತ್ತ ಇರೋ ಗರಿಗರಿ. ಅದಕ್ಕೆ ನಂಗೂ ತಮ್ಮಂಗೂ ಇವತ್ತಿಗೂ ಕಿತ್ತಾಟ.

2. ಮುದ್ದೆ, ಬಸ್ಸಾರು. "ಇದು ತಿಂಡಿ ಅಲ್ಲ, ಊಟ. ಅನರ್ಹ" ಅಂತ ಜಡ್ಜಮ್ಮ ಆಕ್ಷೇಪಣೆ ಎತ್ತಿದ್ಲು. ನಮ್ಮಜ್ಜಿ ಬೆಳಿಗ್ಗೆ ಎಂಟಕ್ಕೇ ಮುದ್ದೆ ನುಂಗೋದನ್ನ ನಾನು ಸಾಕ್ಷಿಯಾಗಿ ಕೊಟ್ಟೆ. ಕೇಸ್ ಗೆದ್ದೆ.

1. ಇದೇ ದೊಡ್ಡ ಗಲಾಟೆ. ಖಾರ ಹಾಕಿ ಕಲಸಿದ ಪುರಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲನೇ ಸ್ಥಾನ ಅನ್ನೋದ್ರಲ್ಲಿ ಇಬ್ಬರಿಗೂ ಡೌಟೇ ಇಲ್ಲ. ಜಗಳ ಇರೋದು ಹೆಸರಿಗೆ. ನಮ್ಮನೇಲಿ ಪುರಿ, ಕಡ್ಲೆಪುರಿ ಅಂತೀವಿ. ಅವಳ ಅಜ್ಜಿಮನೆ ಕಡೂರು ಕಡೆ, ಅವರಿಗೆ ಅದು ಮಂಡಕ್ಕಿ. "ಪುರಿ ಅಂದ್ರೆ ಎಣ್ಣೇಲಿ ಕರಿಯೋದು ಕಣೇ" ಅಂತ ಅವಳು. "ಅದು ಪೂರಿ ಕಣೇ, ದೀರ್ಘ ಬರಲ್ವಾ ನಿಂಗೆ" ಅಂತ ನಾನು. ಆರು ವರ್ಷದಿಂದ ಆ ಸಾಲು "ಪುರಿ / ಮಂಡಕ್ಕಿ" ಅಂತ ಪೆನ್ಸಿಲ್‌ನಲ್ಲೇ ಇದೆ.

ನಿಮ್ಮನೇಲಿ ಏನಂತೀರಾ? ಕಾಮೆಂಟ್ ಮಾಡಿ. ಊರಿನ ಹೆಸರೂ ಹಾಕಿ, ಎಲ್ಲಿಂದ ಮಂಡಕ್ಕಿ ಶುರು ಅಂತ ಒಂದು ಮ್ಯಾಪೇ ಮಾಡೋಣ.

(4/9) ನಮ್ಮ ಜಿಲ್ಲೆ ಕನೆಕ್ಷನ್ ಇರೋ ಟಾಪ್ 5 (ಸಿನಿಮಾ, ಜನ ಎಲ್ಲಾ ಮಿಕ್ಸ್)

5. ಅಮರಶಿಲ್ಪಿ ಜಕಣಾಚಾರಿ, 1964. ಕನ್ನಡದ ಮೊದಲ ಪೂರ್ತಿ ಕಲರ್ ಸಿನಿಮಾ ಒಬ್ಬ ಕಲ್ಲುಕುಟಿಗನ ಕಥೆ ಅನ್ನೋದೇ ಖುಷಿ. ಕಾರಣ: ಟಿವಿಯಲ್ಲಿ ಬಂದಾಗ ಅಜ್ಜಿ ಸೀರಿಯಲ್ ಬಿಟ್ಟು ನೋಡಿದ ಏಕೈಕ ಸಿನಿಮಾ.

4. ಜಾವಗಲ್ ಶ್ರೀನಾಥ್. ಹುಟ್ಟಿದ್ದು ಮೈಸೂರಲ್ಲಿ, ಆದ್ರೆ ಹೆಸರಿನ ಮುಂದೆ ನಮ್ಮ ತಾಲ್ಲೂಕಿನ ಜಾವಗಲ್. ಏಕದಿನದಲ್ಲಿ 315 ವಿಕೆಟ್. ಕಾರಣ: ನಮ್ಮೂರ ಪಕ್ಕದ ಊರಿನ ಹೆಸರನ್ನ ಇಂಗ್ಲಿಷ್ ಕಾಮೆಂಟೇಟರ್‌ಗಳ ಬಾಯಲ್ಲಿ ತರಿಸಿದ್ದು.

3. ಬಾನು ಮುಷ್ತಾಕ್. ಹೊಸ ಎಂಟ್ರಿ. ಹಾಸನದಲ್ಲಿ ಕೂತು ಬರೆದ ಕಥೆಗಳು, ದೀಪಾ ಭಾಸ್ತಿ ಅವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದವು. ಕನ್ನಡಕ್ಕೆ ಮೊದಲನೇದು. ಕಾರಣ: ಆ ವಾರ ಪೂರ್ತಿ "ಹಾಸನದವರಾ?" ಅಂತ ಕೇಳಿದವರಿಗೆ ಬೆನ್ನು ನೆಟ್ಟಗೆ ಮಾಡಿ "ಹೌದು" ಅಂದೆ.

2. ಯಶ್. ನಮ್ಮ ಜಿಲ್ಲೆ ಹುಡುಗ, ಅಪ್ಪ ಬಸ್ ಡ್ರೈವರ್. ಕಾರಣ: ಕೆಜಿಎಫ್ ಅಲ್ಲ. ನಮ್ಮ ಬಸ್‌ಗಳಲ್ಲೂ ಅಂಥ ಅಪ್ಪಂದಿರು ದಿನಾ ಕಾಣಿಸ್ತಾರೆ.

1. ಕಿರಿಕ್ ಪಾರ್ಟಿ. 2016ರ ಡಿಸೆಂಬರ್ ಕೊನೇಲಿ ಬಂತು. ಕಾಲೇಜಿನ ಸೀನ್‌ಗಳನ್ನ ತೆಗೆದಿದ್ದು ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಲ್ಲಿ. ಟಿವಿಯಲ್ಲಿ ಎಷ್ಟು ಸಲ ನೋಡಿದೀವೋ ಲೆಕ್ಕ ಇಲ್ಲ. ಬುಕ್ಕಲ್ಲಿರೋ ಕಾರಣ ಅವಳ ಅಕ್ಷರದಲ್ಲಿದೆ: "ನಾವಿಬ್ರೂ ಇಂಜಿನಿಯರಿಂಗ್ ಸೇರಿ, ಒಂದೇ ಹಾಸ್ಟೆಲ್ ರೂಮಲ್ಲಿ ಇರ್ತೀವಿ."

ಅಪ್ಪು ಎಲ್ಲಿ ಅಂತ ಕೇಳ್ತೀರಾ, ಗೊತ್ತು. ಅಪ್ಪುಗೆ ಬೇರೆ ಪುಟ ಇದೆ. 2021ರ ಅಕ್ಟೋಬರ್ 29ರಂದು ನಾವು ಹತ್ತನೇ ಕ್ಲಾಸು. ಆ ಪುಟದಲ್ಲಿ ಡೇಟ್ ಇದೆ, ನಂಬರ್ ಇಲ್ಲ. ರೂಲ್ ಮುರಿದಿದ್ದು ಅದೊಂದೇ ಸಲ.

(5/9) ನೆಂಟರು ಕೇಳೋ ಟಾಪ್ 5 ಪ್ರಶ್ನೆಗಳು

5. "ಏನಮ್ಮಾ, ದಪ್ಪ ಆಗ್ಬಿಟ್ಟಿದ್ದೀಯಾ?"
4. "ಅಡುಗೆ ಕಲ್ತ್ಯಾ?"
3. "ಮುಂದೇನು?"
2. "ನಿನ್ ಫ್ರೆಂಡ್‌ಗೆ ಎಷ್ಟು ಬಂತಂತೆ?"
1. "ನಿನ್ ರ‍್ಯಾಂಕ್ ಎಷ್ಟು?"

ಕಾರಣ ಬೇಕಾಗಿಲ್ಲ ಅಂದ್ಕೋತೀನಿ. ಆದ್ರೂ ರೂಲ್ ರೂಲೇ, ಹೇಳ್ತೀನಿ.

2024, ಸೆಕೆಂಡ್ ಪಿಯು ಮುಗಿದ ವರ್ಷ. ಸಿಇಟಿ ರಿಸಲ್ಟ್ ದಿನ ಮಧ್ಯಾಹ್ನ ಅವಳ ಮೆಸೇಜ್ ಬಂತು. ಅವಳ ರ‍್ಯಾಂಕಿನ ಸ್ಕ್ರೀನ್‌ಶಾಟ್, ಮೂರು ಡ್ಯಾನ್ಸ್ ಮಾಡೋ ಎಮೋಜಿ, ಕೆಳಗೆ "ನಿಂದು ಹೇಳೇ ಬೇಗ". ಅವಳದು ನಾಲ್ಕಂಕಿ. ನಂದು ಆರಂಕಿ. ನಾನು ಕಾಮಾ ಎಲ್ಲಿ ಹಾಕ್ಬೇಕು ಅಂತ ಎಣಿಸ್ತಾ ಕೂತಿದ್ದೆ.

ಸೀಟು ಸಿಗ್ತಾನೇ ಇರ್ಲಿಲ್ಲ ಅಂತಲ್ಲ. ದುಡ್ಡು ಕೊಟ್ರೆ ಎಲ್ಲೋ ಒಂದು ಕಡೆ ಸಿಗ್ತಿತ್ತು. ಅಪ್ಪ ಒಂದು ರಾತ್ರಿ ಮಂಡಿ ಲೆಕ್ಕದ ಹಾಗೇ ಒಂದು ಹಾಳೇಲಿ ಫೀಸು, ಹಾಸ್ಟೆಲ್ಲು, ಊಟ ಎಲ್ಲಾ ಬರೆದು ಕೂಡಿದ್ರು. ಕೆಳಗೆ ಗೆರೆ ಎಳೆದ್ರು. ಏನೂ ಹೇಳ್ಲಿಲ್ಲ. ನಾನೇ "ಬಿಕಾಂ ಮಾಡ್ತೀನಿ ಅಪ್ಪ, ಊರಲ್ಲೇ" ಅಂದೆ. ಅಪ್ಪ ಆ ಹಾಳೆ ಮಡಚಿ ಜೇಬಲ್ಲಿ ಇಟ್ಕೊಂಡ್ರು. ಹರಿದು ಎಸೀಲಿಲ್ಲ. ಅದು ಯಾಕೋ ಜಾಸ್ತಿ ನೋವಾಯ್ತು.

ಅವಳ ಮೆಸೇಜಿಗೆ ಉತ್ತರ ಕೊಡ್ಲಿಲ್ಲ. ಸಂಜೆ ಕೊಡೋಣ ಅಂದ್ಕೊಂಡೆ, ಆಮೇಲೆ ನಾಳೆ. ಅವಳು ಬೆಂಗಳೂರಿಗೆ ಹೋದ ದಿನ ರೈಲಿನ ಅನೌನ್ಸ್‌ಮೆಂಟ್ ನಮ್ಮನೆಗೆ ಕೇಳಿಸ್ತು, ನಾನು ಟಿವಿ ಸೌಂಡ್ ಜಾಸ್ತಿ ಮಾಡಿದೆ. ನನ್ನ ಫೇವರಿಟ್ ಸದ್ದು ಅದು, ಲಿಸ್ಟಲ್ಲಿ ನಂಬರ್ 1.

ಕೋಪ ಅವಳ ಮೇಲಲ್ಲ. ಆರು ವರ್ಷ ನಾವಿಬ್ರೂ ಎಲ್ಲದಕ್ಕೂ ನಂಬರ್ ಕೊಟ್ಟಿದ್ವಿ. ಈಗ ಯಾರೋ ನಮಗೇ ನಂಬರ್ ಕೊಟ್ಟಿದ್ರು. ಪಕ್ಕದಲ್ಲಿ ಕಾರಣ ಬರೆದಿರ್ಲಿಲ್ಲ.

(6/9) ಟಾಪ್ 5 ಬಸ್ ಸೀಟು (ರೀ-ಚೆಕ್)

ದಸರಾ ರಜೆಯಲ್ಲಿ ಒಂದು ಮೆಸೇಜ್. ಹಾಯ್ ಇಲ್ಲ, ಹೇಗಿದ್ದೀಯಾ ಇಲ್ಲ. "ಲಿಸ್ಟ್ ಬುಕ್ ಇನ್ನೂ ಇದ್ಯಾ, ರದ್ದಿಗೆ ಹಾಕಿದ್ಯಾ?"

"ಇದೆ" ಅಂದೆ. ಹದಿನಾರು ತಿಂಗಳಿಗೆ ಒಂದು ಪದ.

"ಹಳೇಬೀಡು, ಬೇಲೂರು ಬಾಕಿ ಇದೆ. ನಾಳೆ ಬೆಳಿಗ್ಗೆ ಬಸ್ ಸ್ಟ್ಯಾಂಡ್."

ನಿಜ, ಬಾಕಿ ಇತ್ತು. ಎಂಟನೇ ಕ್ಲಾಸಲ್ಲಿ ಸ್ಕೂಲ್ ಟ್ರಿಪ್ ಹೋಗಿದ್ವಿ. ಆಗ "ಬೇಲೂರಾ, ಹಳೇಬೀಡಾ" ಅಂತ ಪುಟದ ತಲೆಬರಹ ಬರೆದು, ಜಗಳ ಆಡಿ, ಖಾಲಿ ಬಿಟ್ಟಿದ್ವಿ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮೇಲೆ ಹಳೇಬೀಡು. ಆಧಾರ್ ತೋರಿಸಿದ್ವಿ, ಕಂಡಕ್ಟರ್ ಅಣ್ಣ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಮ್ಮಂಥ ಹುಡುಗೀರು ಮನೇಲಿ ಬಸ್ ಚಾರ್ಜ್ ಕೇಳದೆ ಊರು ಬಿಟ್ಟು ಊರು ನೋಡೋದು ಶುರುವಾಯ್ತು. ಅದಕ್ಕೆ ಒಂದು ಸ್ಥಾನ ಬೇಕು.

ಸೀಟು ಲಿಸ್ಟ್ ಹೀಗಿದೆ. 5: ಹಿಂದಿನ ಉದ್ದ ಸೀಟು (ಹಾರಿ ಬೀಳೋ ಮಜಾ). 4: ಡ್ರೈವರ್ ಹಿಂದಿನದು (ಕನ್ನಡಿಲಿ ಎಲ್ಲರ ನಿದ್ದೆ ಕಾಣುತ್ತೆ). 3: ಬಾಗಿಲ ಪಕ್ಕ (ಗಾಳಿ, ಸುದ್ದಿ ಎರಡೂ ಬೇಗ ಸಿಗುತ್ತೆ). 2: ಕಿಟಕಿ. 1: ಕಿಟಕಿ ಪಕ್ಕದ್ದು, ಕಿಟಕಿಲಿ ಅವಳು ಕೂತಿದ್ರೆ.

ಆದ್ರೆ ಅವತ್ತು ಕಿಟಕಿ ಪಕ್ಕ ಕೂತು ಬಾಣಾವರದ ತನಕ ಇಬ್ರೂ ಬಾಯಿ ಬಿಡ್ಲಿಲ್ಲ. ಹೊರಗೆ ತೆಂಗು, ತೆಂಗು, ರಾಗಿ ಹೊಲ, ಮತ್ತೆ ತೆಂಗು. ಜಾವಗಲ್ ಬೋರ್ಡ್ ಬಂತು. ಅವಳು ಕಿಟಕಿ ಕಡೆ ನೋಡ್ಕೊಂಡೇ ಮೆಲ್ಲಗೆ "315" ಅಂದ್ಲು.

ನಗು ತಡೀಲಿಕ್ಕೆ ಆಗ್ಲಿಲ್ಲ. ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದ್ರು.

(7/9) ಹಳೇಬೀಡಿನ ಟಾಪ್ 5

5. ಕೆರೆ ಕಡೆಯಿಂದ ಬರೋ ಗಾಳಿ. ಇದು ಹೊಯ್ಸಳರ ರಾಜಧಾನಿ ದ್ವಾರಸಮುದ್ರ. ಕಾರಣ: ಸಮುದ್ರ ಅಂತ ಹೆಸರಿಟ್ಟೋರು ಸುಮ್ನೆ ಇಟ್ಟಿಲ್ಲ.

4. ಜೈನ ಬಸದಿಯ ಹೊಳೆಯೋ ಕಂಬ. ಕಾರಣ: ಮುಖ ನೋಡ್ಕೋಬಹುದು. ಫಿಲ್ಟರ್ ಇಲ್ಲ, ಎಡಿಟ್ ಇಲ್ಲ.

3. ಕಟ್ಟಿ ಮುಗಿಸದ ಮೂಲೆಗಳು. ಹೊಯ್ಸಳೇಶ್ವರ ಗುಡಿ ಕೆಲಸ ಶುರುವಾಗಿದ್ದು ಸುಮಾರು 1121ರಲ್ಲಿ. ಗುಡಿ ಮೇಲೆ ಶಿಖರ ಇಲ್ಲ, ಕೆಲವು ಕಡೆ ಕೆತ್ತನೆ ಅರ್ಧಕ್ಕೇ ನಿಂತಿದೆ. 1311ರಲ್ಲಿ ಮಲಿಕ್ ಕಾಫೂರನ ದಾಳಿನೂ ನೋಡಿದೆ. ಅಂಥ ಗುಡಿ 2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಸೋಮನಾಥಪುರದ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು. ಕಾರಣ: ಬೇರೆ ಬೇಕಾ?

2. ಗೋಡೆ ಬುಡದ ಆನೆ ಸಾಲು. ಕೆಳಗಿನಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಜಡ್ಜಮ್ಮ ಬಗ್ಗಿ ನೋಡಿ, "ನೋಡೇ, ಕೊನೇ ರ‍್ಯಾಂಕ್ ಆನೆಗೆ. ಆದ್ರೆ ಎಲ್ಲಾನೂ ಹೊತ್ತಿರೋದು ಅದೇ" ಅಂದ್ಲು. "ಸಾಕು, ಮೋಟಿವೇಷನ್ ರೀಲ್ ಮಾಡ್ಬೇಡ" ಅಂದೆ.

1. ನಂದಿ. ಎರಡರಲ್ಲಿ ದೊಡ್ಡದು ಯಾವ್ದು ಅಂತ ಕೇಳ್ಬೇಡಿ, ಅದೂ ಪೆನ್ಸಿಲ್.

ಆ ಮಂಟಪದಲ್ಲಿ ಕೂತಾಗ ಅವಳು ಹೇಳಿದ್ಲು. ಮೊದಲನೇ ವರ್ಷದಲ್ಲಿ ಎರಡು ಸಬ್ಜೆಕ್ಟ್ ಬ್ಯಾಕ್. ಮನೇಲಿ ಇನ್ನೂ ಹೇಳಿಲ್ಲ. ಪಿಜಿ ರೂಮಲ್ಲಿ ನಾಲ್ಕು ಜನ, ಯಾರ ಜೊತೆನೂ ಲಿಸ್ಟ್ ಮಾಡೋಕಾಗಲ್ಲ. ಕ್ಲಾಸಲ್ಲಿ ಎಲ್ಲರದೂ ನಾಲ್ಕಂಕಿ, ಮೂರಂಕಿ. "ಊರಲ್ಲಿ ನಾನು ಫಸ್ಟ್ ಕಣೇ. ಅಲ್ಲಿ ಹೋದ್ರೆ ನಾನೇ ಉಪ್ಪಿಟ್ಟು."

ಫೋನ್ ತೆಗೆದು ನೋಟ್ಸ್ ತೋರಿಸಿದ್ಲು. "ಪಿಜಿಯ ಟಾಪ್ 5 ಸದ್ದುಗಳು." ಒಂದರಿಂದ ನಾಲ್ಕು ಖಾಲಿ. ಐದನೇದರಲ್ಲಿ "ಪಕ್ಕದ ಬೆಡ್ಡಿನವಳು ಅವಳ ಅಮ್ಮನ ಹತ್ರ ಮಾತಾಡೋದು" ಅಂತ ಇತ್ತು.

ನಾನು ಅವಳ ರ‍್ಯಾಂಕಿಗೆ ಹೊಟ್ಟೆ ಉರ್ಕೊಂಡು ಕೂತಿದ್ದ ದಿನಗಳಲ್ಲಿ ಅವಳು ಅಲ್ಲಿ ಅದನ್ನ ಟೈಪ್ ಮಾಡ್ತಿದ್ಲು.

(8/9) ಬೇಲೂರಿನ ಟಾಪ್ 5

ಹಳೇಬೀಡಿಂದ ಬೇಲೂರಿಗೆ ಸುಮಾರು 16 ಕಿ.ಮೀ. ಆ ಬಸ್ಸಲ್ಲಿ ನಾನು ಸಾರಿ ಕೇಳಿದೆ. ಅವಳು "ಕಾರಣ?" ಅಂದ್ಲು. ಹೇಳಿದೆ, ಅಪ್ಪನ ಹಾಳೆ ತನಕ. ಆಮೇಲೆ ಅವಳೂ ಸಾರಿ ಅಂದ್ಲು. "ನಿಂಗೆ ಹೆಂಗಾಗಿದೆ ಅಂತ ಕೇಳ್ದೆ ಸ್ಕ್ರೀನ್‌ಶಾಟ್ ಕಳಿಸ್ಬಿಟ್ಟೆ." ಕಾರಣ ಕೇಳೋ ಮುಂಚೆನೇ ಕೊಟ್ಲು.

ಸರಿ, ಲಿಸ್ಟು.

5. ಅಂಗಳದ ಎತ್ತರದ ಕಂಬ. ಅಡಿಪಾಯ ಇಲ್ಲ, ತನ್ನ ಭಾರದಲ್ಲೇ ನಿಂತಿದೆ. ಕಾರಣ: ಗೈಡ್‌ಗಳು ಅದರ ಕೆಳಗೆ ಪೇಪರ್ ತೂರಿಸಿ ತೋರಿಸುವಾಗ ಮಕ್ಕಳ ಮುಖ.

4. ದರ್ಪಣ ಸುಂದರಿ. ಕಾರಣ: ಸೆಲ್ಫಿಗೆ ಎಷ್ಟೋ ಶತಮಾನ ಮೊದಲೇ ಪೋಸ್ ಕೊಟ್ಟವಳು. (ಅವಳು ಮೊದಲನೇ ಸ್ಥಾನ ಕೇಳಿದ್ಲು, ನಾನು ಬಿಡ್ಲಿಲ್ಲ.)

3. ಸೀರೆ ಎಳೆಯೋ ಕೋತಿಗೆ ಗದರಿಸ್ತಿರೋ ಹುಡುಗಿ. ಕಾರಣ: ಆ ಮುಖಭಾವ ಥೇಟ್ ನಮ್ಮ ಪಿಟಿ ಮೇಡಂ.

2. ಮದನಿಕೆಯ ತಲೆ ಮೇಲಿನ ಬಳ್ಳಿಯಲ್ಲಿ ಹಲಸಿನ ಹಣ್ಣು, ಅದರ ಮೇಲೆ ನೊಣ, ನೊಣ ಹಿಡಿಯೋಕೆ ಹೊಂಚು ಹಾಕಿರೋ ಹಲ್ಲಿ. ಕಾರಣ: ವಿಷ್ಣುವರ್ಧನ ಈ ಗುಡಿ ಕಟ್ಟಿಸಿದ್ದು 1117ರಲ್ಲಿ. ಅವತ್ತಿಂದ ಆ ಹಲ್ಲಿಗೆ ಇನ್ನೂ ಊಟ ಆಗಿಲ್ಲ.

1. ಶಿಲ್ಪಿಗಳ ಸಹಿ. ಎಂಟನೇ ಕ್ಲಾಸಲ್ಲಿ ನೋಡೇ ಇರ್ಲಿಲ್ಲ. ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಬಿರುದೂ ಇವೆ. ಕೆಲವಂತೂ ಎದುರಾಳಿ ಶಿಲ್ಪಿಗಳನ್ನ ಸೋಲಿಸೋನು ಅಂತ ಕೊಚ್ಚಿಕೊಳ್ಳೋ ಥರದವು. ಆಗಲೇ ರ‍್ಯಾಂಕಿಂಗ್ ಇತ್ತು ಗುರು! ಅವಳು ಹೇಳಿದ್ಲು, "ಬರ್ಕೊಂಡ್ರೆ ಬರ್ಕೊಳ್ಳಿ ಬಿಡು. ಮೇಲೆ ನೋಡಿದ್ರೆ ಕಾರಣ ಕಾಣ್ಸುತ್ತಲ್ಲ."

ಇದನ್ನ ಪೆನ್ನಲ್ಲಿ ಬರೆದ್ವಿ.

ಕೊನೇ ತೀರ್ಪು, ಬೇಲೂರಾ ಹಳೇಬೀಡಾ? ಅವಳು ಬೇಲೂರು: ಗಂಟೆ, ತೀರ್ಥ, ಜನ, ಜೀವ ಇದೆ. ನಾನು ಹಳೇಬೀಡು: ಅಲ್ಲಿ ಕೂತು ಮಾತಾಡ್ಬಹುದು. ಪೆನ್ಸಿಲ್.

(9/9) ಈ ವರ್ಷದ ಟಾಪ್ 5

ವಾಪಸ್ ಅರಸೀಕೆರೆಗೆ ಬಂದಾಗ ಇನ್ನೂ ಬೆಳಕಿತ್ತು. ನಮ್ಮೂರಲ್ಲೇ ಒಂದು ಹೊಯ್ಸಳ ಗುಡಿ ಇದೆ, ಶಿವಾಲಯ. 1220ರದ್ದು, ಮುಂದಿನ ಮಂಟಪ ನಕ್ಷತ್ರದ ಆಕಾರ. ಬುಕ್ಕೆಲ್ಲಾ ತಿರುವಿದ್ವಿ, ಯಾವ ಲಿಸ್ಟಲ್ಲೂ ಅದರ ಹೆಸರಿಲ್ಲ. ದಿನಾ ನೋಡ್ತೀವಲ್ಲ, ಅದಕ್ಕೇ ಇರ್ಬೇಕು. ಅಲ್ಲೇ ಕೂತು ಹೊಸ ಪುಟ ತೆಗೆದ್ವಿ.

5. ಬಿಕಾಂ. ಕಾರಣ: ಅಪ್ಪನ ಮಂಡಿ ಪುಸ್ತಕದಲ್ಲಿ ಒಂದು ತಪ್ಪು ಹಿಡಿದೆ. ಅಪ್ಪ ಎರಡು ಸಲ ಕೂಡಿ ನೋಡಿ, "ನಿಂದೇ ಸರಿ" ಅಂದ್ರು.

4. ಕಿರಿಕ್ ಪಾರ್ಟಿ. ಮೂರು ಸ್ಥಾನ ಕೆಳಗೆ. ಕಾರಣ: ಹಾಸ್ಟೆಲ್ ಹಾಗಿರಲ್ಲ ಅಂತ ಜಡ್ಜಮ್ಮನ ಸಾಕ್ಷಿ.

3. ನಮ್ಮೂರ ಶಿವಾಲಯ. ಕಾರಣ: ತಡವಾಗಿದ್ದಕ್ಕೆ ಕ್ಷಮೆ.

2. ಅವಳು ಅವತ್ತು ರಾತ್ರಿ ಮನೇಲಿ ಬ್ಯಾಕ್ ವಿಷಯ ಹೇಳಿದ್ದು. ಕಾರಣ: ಅವಳಮ್ಮ ಸ್ವಲ್ಪ ಹೊತ್ತು ಬೈದು, ಆಮೇಲೆ "ಊಟಕ್ಕೆ ಏನು ಮಾಡ್ಲಿ" ಅಂದ್ರಂತೆ.

1. ಖಾಲಿ ಬಿಟ್ಟಿದೀವಿ. ಕಾರಣ: ವರ್ಷ ಇನ್ನೂ ಮುಗಿದಿಲ್ಲ.

ರಜೆ ಮುಗಿದು ಅವಳು ಹೊರಟ ದಿನ ಸ್ಟೇಷನ್ನಿಗೆ ಹೋಗಿದ್ದೆ. ಅನೌನ್ಸ್‌ಮೆಂಟ್ ಬಂತು. ಅವಳು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡ್ಲು. ಪಿಜಿ ಲಿಸ್ಟಿನ ಮೊದಲನೇ ಸ್ಥಾನಕ್ಕಂತೆ. "ಅದು ಪಿಜಿ ಸದ್ದಲ್ಲ, ಅನರ್ಹ" ಅಂದೆ. "ರಾತ್ರಿ ಅಲ್ಲಿ ಕೇಳ್ತೀನಲ್ಲ, ಅರ್ಹ" ಅಂದ್ಲು. ಕೇಸ್ ಗೆದ್ಲು.

ಬುಕ್ ಈಗ ಅವಳ ಹತ್ರ ಇದೆ. ಯುಗಾದಿಗೆ ನನ್ನ ಹತ್ರ ಬರುತ್ತೆ.

ಕ್ಲಾಸ್‌ಮೇಟ್ಸ್, ನಿಮ್ಮಲ್ಲಿ ಎಷ್ಟೋ ಜನ ಆ ಜೂನ್ ಆದ್ಮೇಲೆ ಗ್ರೂಪಲ್ಲಿ ಮಾತೇ ಆಡಿಲ್ಲ. ನಾನೂ ಅದೇ ಸಾಲಲ್ಲಿದ್ದೆ. ನಿಮ್ಮ ರ‍್ಯಾಂಕ್ ಕೇಳ್ತಿಲ್ಲ. ಯಾವುದಾದ್ರೂ ಒಂದು ಟಾಪ್ 5 ಹಾಕಿ: ತಿಂಡಿ, ಹಾಡು, ಬಸ್ಸು, ನೆಂಟರು, ಏನಾದ್ರೂ ಸರಿ.

ಕಾರಣ ಮಾತ್ರ ಬರೀಲೇಬೇಕು. "ಸುಮ್ನೆ" ನಡೆಯಲ್ಲ.

#ಲಿಸ್ಟ್‌ಬುಕ್ #ಅರಸೀಕೆರೆ #ಹಳೇಬೀಡು #ಬೇಲೂರು #ಪುರಿನಾಮಂಡಕ್ಕಿನಾ